ಗಾದಿ ಹಿಂಜುವವರು ಎಲ್ಲಿ ಸಿಗುತ್ತಾರೆ?

ಗದಿಗೆಪ್ಪ ಶೆಟ್ಟರು ಯಾರಿಗೂ ಉಪದೇಶ ಮಾಡುತ್ತಿರಲಿಲ್ಲ. ಬೈಯುತ್ತಿದ್ದರು. ಕಲಿಯಬೇಕೆಂದವರು ಆ ಬೈಗುಳದೊಳಗಿಂದಲೇ ಹೆಕ್ಕಿಕೊಳ್ಳಬೇಕಿತ್ತು.

ಜೀವಮಾನವೆಲ್ಲ ಅರಳೆ ವ್ಯಾಪಾರ ಮಾಡಿದ ಮನುಷ್ಯ. ಹತ್ತಿಯ ಎಳೆಯನ್ನು ಎರಡು ಬೆರಳಲ್ಲಿ ಎಳೆದು, ಅದು ಎಂಥ ಹೊಲದ್ದು, ತೂಕ ಬರಲೆಂದು ಎಷ್ಟು ನೀರು ಚಿಮುಕಿಸಿದ್ದಾರೆ ಎಂದು ಹೇಳಿಬಿಡುತ್ತಿದ್ದರು. ಈಗ ಅಂಗಡಿಯನ್ನು ಮಕ್ಕಳಿಗೆ ಬಿಟ್ಟು, ಹೊಳೆ ದಂಡೆಯ ಮಠದ ಕಟ್ಟೆಯ ಮೇಲೆ ಒಂದು ಗಾದಿ, ಒಂದು ತಂಬಿಗೆ, ಒಂದು ಫೋನು ಇಟ್ಟುಕೊಂಡು ಕೂತಿದ್ದರು.

ಹೊಸದಾಗಿ ವ್ಯಾಪಾರಕ್ಕಿಳಿದವರು ಅಲ್ಲಿಗೆ ಬರುತ್ತಿದ್ದರು. ಅಜ್ಜಾರು ಎಂದು ಕರೆಯುತ್ತಿದ್ದರು. ಬೈಸಿಕೊಂಡು ಹೋಗುತ್ತಿದ್ದರು.

ಒಂದು ಮುಂಜಾನೆ ದಾವಲಬಿ ಮೆಟ್ಟಿಲು ಹತ್ತಿ ಬಂದಳು. ಬಂದವಳೇ ಫೋನನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ಅಜ್ಜಾರ, ಈ ಫೋನಿಗೆ ಕಣ್ಣಿಲ್ಲ!"

"ಫೋನಿಗೆ ಕಣ್ಣಿಲ್ಲ, ನಿನಗ ಬಾಯಿ ಐತಿ. ಕುಂತು ಹೇಳು."

"ಹತ್ತಿ ಗಾದಿ ಅಂಗಡಿ ತಗದೀನ್ರಿ. ಚಂದನ ವೆಬ್‌ಸೈಟ್ ಮಾಡಿಸೀನಿ. ಗಾದಿ ಅಂತ ಹುಡುಕಿದ್ರ ಪ್ಯಾಟಿ ಒಳಗಿನ ಫೋಮಿನ ಕೊಟ್ರೇಶ ಬರತಾನ. ಅವನ ಹಿಂದ ಮತ್ತೊಬ್ಬ, ಅವನ ಹಿಂದ ಮತ್ತೊಬ್ಬ. ನಾನು ಎಲ್ಲೂ ಇಲ್ಲ. ಬೆರಳು ಸವೆಯೂ ತನಕ ಹುಡುಕೀನಿ, ನನ್ನ ಅಂಗಡಿ ನನಗ ಸಿಗವಲ್ದು!"

"ಸಿಗದಿದ್ರ ಏನಾಗತೈತಿ?"

"ಏನಾಗತೈತಿ ಅಂತೀರಲ್ಲ! ಶೆಡ್ಡು ಬಾಡಿಗೀದು. ಈ ಮದುವಿ ಸುಗ್ಗಿಯೊಳಗ ಗಿರಾಕಿ ಹತ್ತಲಿಲ್ಲಂದ್ರ ಮಾಲಕ ಅದನ್ನ ಕೊಟ್ರೇಶಗ ಗೋದಾಮಿಗೆ ಕೊಡ್ತಾನಂತ. ಕೊಟ್ರೇಶ ನನಗೂ ಹೇಳಿ ಕಳಿಸ್ಯಾನ. ನೀನೂ ಅಲ್ಲೇ ಇರು, ಫೋಮಿಗೆ ಗಲೀಫು ಹೊಲಕೊಂಡು ಇರು ಅಂತ."

"ಹೊಲೀತೀಯೇನು?"

"ಕೈ ಕಡಕೋತೀನಿ."

"ಕಡಕೊಂಡ್ರ ಗಾದಿ ಯಾರು ಮಾಡ್ತಾರ? ಪುಟ ತೋರಿಸು."

ಶೆಟ್ಟರು ತಮ್ಮ ಫೋನಿನಲ್ಲೇ ಅವಳ ವೆಬ್‌ಸೈಟ್ ತೆರೆದರು. ತೆರೆದು, ಫೋನನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು.

"ಅಜ್ಜಾರ?"

ಉತ್ತರವಿಲ್ಲ.

"ಅಜ್ಜಾರ, ನೋಡಿದ್ರ್ಯಾ?"

ಉತ್ತರವಿಲ್ಲ. ಕೆಳಗೆ ಒಂದು ಎಮ್ಮೆ ಹೊಳೆಗಿಳಿದು, ಸಾವಕಾಶವಾಗಿ ನೀರು ಕುಡಿದು, ಬಾಲ ಬೀಸುತ್ತ ಮೇಲೆ ಹತ್ತಿತು.

ದಾವಲಬಿ ಎದ್ದು ನಿಂತಳು. "ಹೇಳಾಕ ಮನಸ್ಸಿಲ್ಲಂದ್ರ ಇಲ್ಲ ಅಂದುಬಿಡ್ರಿ. ನನಗೂ ಕೆಲಸ ಅದಾವ."

ಶೆಟ್ಟರು ಕಣ್ಣು ಬಿಟ್ಟರು. "ಎದ್ದ್ಯಲ್ಲ?"

"ಎಷ್ಟೊತ್ತು ಕಾಯ್ಲಿ?"

ಅವರು ಫೋನನ್ನು ಅವಳ ಕಡೆ ತಿರುಗಿಸಿದರು. ಪರದೆಯ ನಡುವೆ ಸಣ್ಣ ಉಂಗುರವೊಂದು ಇನ್ನೂ ಗಿರಗಿರ ತಿರುಗುತ್ತಿತ್ತು.

"ನಿನ್ನ ಗಿರಾಕೀನೂ ಎದ್ದು ಹೋದ. ಕುಂದರು ಬೇ."

ಕೊನೆಗೂ ಪುಟ ಬಂತು. ಮೊದಲಿಗೆ ಒಂದು ವಿಡಿಯೋ. ಗಾಜಿನ ಪೆಟ್ಟಿಗೆಯಲ್ಲಿ ಹತ್ತಿ ಹಿಂಜುವ ದೊಡ್ಡ ಬಿಲ್ಲು, ಅದರ ಮೇಲೆ ಬೆಳಕು, ಹಿಂದೆ ಕೊಳಲು. ಕೆಳಗೆ ಬಂಗಾರದ ಅಕ್ಷರ: ಶತಮಾನಗಳ ಪರಂಪರೆ. ರಾಜಯೋಗ್ಯ ನಿದ್ರಾನುಭವ.

"ಇದ್ಯಾರ ಬಿಲ್ಲು?"

"ನಮ್ಮಪ್ಪಂದ್ರಿ. ಅಂಗಡಿ ಮುಂದ ಗಾಜಿನ ಪೆಟಗ್ಯಾಗ ಇಟ್ಟೀನಿ. ವಿಡಿಯೋದವ ಹೇಳಿದ, ಹೆರಿಟೇಜ್ ಕಾಣತೈತಿ ಅಂತ. ತಂತಿ ಇನ್ನೂ ಬಿಗಿ ಐತ್ರಿ."

"ಅದನ್ನ ಹಿಡಕೊಂಡು ನಿಮ್ಮಪ್ಪ ಏನು ಮಾಡ್ತಿದ್ದ?"

"ಕೆಲಸ ಮಾಡ್ತಿದ್ದರಿ."

"ಏನು ಕೆಲಸ?"

"ಅದೇ ರೀ... ಹತ್ತಿ ಕೆಲಸ."

ಎಳೆ ಎಲ್ಲಿ ಕಡಿಯುತ್ತದೆ ಎಂದು ಅರಳೆ ವ್ಯಾಪಾರಿಗೆ ಗೊತ್ತಾಗುತ್ತದೆ. ಅಲ್ಲಿ ಕೂಡಲೇ ಜಗ್ಗಬಾರದು ಎಂದೂ ಗೊತ್ತಿರುತ್ತದೆ.

"ಆತು. ರಾಜಯೋಗ್ಯ ನಿದ್ರಾನುಭವ ಬೇಕು ಅಂತ ಯಾರು ಬಂದು ನಿನ್ನ ಕೇಳಿದ್ರು?"

"ಯಾರೂ ಕೇಳಿಲ್ರಿ."

"ಯಾರೂ ಕೇಳದ ಮಾತಿಗೆ ಉತ್ತರ ಬರದು ಕುಂತೀಯಲ್ಲ! ಫೋನಿನ್ಯಾಗ ಮಂದಿ ಹುಡುಕೂದು ಅಂದ್ರ ಏನು? ಕೇಳೂದು. ಬಾಯಿಲೆ ಕೇಳೂ ಬದಲಿ ಬೆರಳಿಲೆ ಕೇಳತಾರ. ಅವರು ಒಂದು ಕೇಳಿದ್ರ ನೀನು ಇನ್ನೊಂದು ಒದರತೀದಿ. ಆ ಹುಡುಕೂ ಯಂತ್ರ ನಿನ್ನನ್ನ ಯಾರ ಮುಂದ ತಂದು ನಿಲ್ಲಿಸಬೇಕು?"

ಹೊಳೆಯಲ್ಲಿ ಹೆಂಗಸರು ಕೌದಿ ಒಗೆಯುತ್ತಿದ್ದರು. ಶೆಟ್ಟರು ಅತ್ತ ಕೈ ತೋರಿಸಿದರು.

"ಹೋಗು. ಮಾರಬ್ಯಾಡ. ಗಾದಿ ಮಾತು ತಗದು ಬಾಯಿ ಮುಚಗೊಂಡು ಕುಂದರು. ಅವರು ಅಂದದ್ದನ್ನ ಅಂದಂಗ ತಗೊಂಡು ಬಾ. ನಿನ್ನ ಶಾಣ್ಯಾತನ ಅದಕ್ಕ ಬೆರಸಬ್ಯಾಡ."

ಹೊತ್ತು ನೆತ್ತಿಗೆ ಬಂದಾಗ ಅವಳು ತಿರುಗಿ ಬಂದಳು. ಸೀರೆಯ ಅಂಚು ಒದ್ದೆ. ಮುಖ ಕೆಂಪು.

"ಏನಂದ್ರು?"

"ಒಬ್ಬಾಕಿ ಅಂದ್ಲು, ಅತ್ತಿ ಸೊಂಟ ಹಿಡದೈತಿ, ಡಾಕ್ಟರು ಗಟ್ಟಿ ಹಾಸಿಗಿ ಅಂದಾರ, ಹತ್ತೀದು ನಡೀತೈತೇನು ಅಂತ. ಇನ್ನೊಬ್ಬಾಕಿ, ಕೂಸು ಉಚ್ಚಿ ಹೊಯ್ದ ಗಾದಿ ಬಿಸಲಿಗೆ ಹಾಕಿದ್ರ ವಾಸನಿ ಹೋಗತೈತೇನು ಅಂತ. ಮತ್ತೊಬ್ಬಾಕಿ, ಮಗಳ ಮದುವಿಗೆ ಜೋಡಿ ಗಾದಿ ಬೇಕು, ಎಷ್ಟು ಹತ್ತಿ ಹಿಡೀತೈತಿ ಅಂತ."

"ಮತ್ತ?"

"ಅಷ್ಟ ರೀ."

"ಎಲ್ಲಾರೂ ಕೂಡಿ ಅಂದದ್ದೊಂದು ಇರಬೇಕಲ್ಲ."

ದಾವಲಬಿ ಹೊಳೆಯ ಕಡೆ ನೋಡಿದಳು.

"ಗಾದಿ ಗಂಟು ಗಂಟಾಗೈತಿ, ಹಿಂಜೋರು ಎಲ್ಲಿ ಸಿಗತಾರ ಅಂದ್ರು."

"ಯಾರು?"

"ಎಲ್ಲಾರೂ."

"ಹಿಂಜೂದು ಅನ್ನೋ ಮಾತು ನಿನ್ನ ಪುಟದಾಗ ಎಲ್ಲೈತಿ?"

"ಇಲ್ರಿ."

"ಯಾಕಿಲ್ಲ?"

"ಬರಿಯಂಗಿಲ್ರಿ!" ಅವಳ ದನಿ ಮಠದ ಗೋಡೆಗೆ ಬಡಿದು ವಾಪಸು ಬಂತು. "ಅಪ್ಪನ ಜೋಡಿ ನಾನೂ ಬಿಲ್ಲು ಹಿಡದು ಹಿಂಜತಿದ್ದೆ. ಅಲ್ಲಿಂದ ಹಂಗ ಸಾಲಿಗೆ ಓಡತಿದ್ದೆ. ತಲಿ ತುಂಬ ಹತ್ತಿ ಎಳಿ. ಪಿಂಜಾರ್ತಿ ಬಂದ್ಲು, ಪಿಂಜಾರ್ತಿ ಬಂದ್ಲು ಅಂತ ಬೆಂಚ ಬಾರಿಸಿ ಟಂಯ್ ಟಂಯ್ ಅಂತಿದ್ರು. ಎಲ್ಲಾರಕಿಂತ ಜೋರು ಬಾರಿಸಿದವ ಇದೇ ಕೊಟ್ರೇಶ. ಆ ಮಾತು ಅಳಿಸಬೇಕಂತ ಅಂಗಡಿ ತಗದೀನಿ. ಈಗ ನಾನ ಅದನ್ನ ಊರಿಗೆಲ್ಲ ಕಾಣಂಗ ಬರೀಲ್ಯಾ? ನೀವು ಶೆಟ್ಟರು. ನಿಮಗೇನು ಗೊತ್ತರಿ?"

ಶೆಟ್ಟರು ಬೈಯಲಿಲ್ಲ. ತಂಬಿಗೆಯನ್ನು ಅವಳ ಕಡೆ ಸರಿಸಿದರು. ಅವಳು ಮುಟ್ಟಲಿಲ್ಲ.

"ನಿಮ್ಮಪ್ಪ ಓಣಿಗೆ ಬಂದದ್ದು ಮಂದಿಗೆ ಹೆಂಗ ಗೊತ್ತಾಗತಿತ್ತು?"

"ಬಿಲ್ಲಿನ ತಂತಿ ಮಿಡೀತಿದ್ದ. ಕೇಳಿ ಹೊರಗ ಬರತಿದ್ರು."

"ಅದೇ ಓಣ್ಯಾಗ ಅದೇ ಮಂದಿ ಫೋನ್ ಹಿಡಕೊಂಡು ಅದೇ ಸದ್ದು ಹುಡುಕಾಕ ಹತ್ಯಾರ. ನೀನು ಬಿಲ್ಲಿಗೆ ಗಾಜು ಹಾಕಿ ಕೊಳಲು ಊದಿಸೀದಿ."

ಅವಳು ಮೆಟ್ಟಿಲಿಳಿದು ಹೋದಳು. ಚಪ್ಪಲಿಯ ಸದ್ದಿನಲ್ಲೇ ಸಿಟ್ಟು ಕೇಳುತ್ತಿತ್ತು.

ಸ್ವಲ್ಪ ದಿನ ಬರಲಿಲ್ಲ. ಬಂದಾಗ ಮುಖದಲ್ಲಿ ಗೆಲುವಿತ್ತು, ಕೈಯಲ್ಲಿ ಪೇಡೆಯ ಪೊಟ್ಟಣವಿತ್ತು.

"ಅಜ್ಜಾರ, ಮೊದಲನೇ ಪುಟ! ಕೊಟ್ರೇಶಗಿಂತ ಮ್ಯಾಲ! ಹಿಂಜೋರು ಅಂತ ಹುಡುಕಿದ್ರೂ ನಾನ, ಗಾದಿ ಅಂತ ಹುಡುಕಿದ್ರೂ ನಾನ!"

"ಹಿಂಜೂದು ಅಂತ ಬರದ್ಯೇನು ಮತ್ತ?"

"ಬರದೂ ಬರದಂಗಿಲ್ರಿ." ಅವಳು ಗುಟ್ಟು ಹೇಳುವಂತೆ ಬಗ್ಗಿದಳು. "ಮೊದಲನೇ ಪುಟ ಗ್ಯಾರಂಟಿ ಅಂತ ಒಬ್ಬಾತ ಸಿಕ್ಕ. ಬಿಳಿ ಪುಟದ ಮ್ಯಾಲ ಬಿಳಿ ಅಕ್ಷರದಾಗ ಬರದಾನ. ಹಿಂಜೂದು, ಹಿಂಜೂದು, ಪಿಂಜಾರ, ಗಾದಿ, ಗಾದಿ, ಸೊಂಟ ನೋವು, ಬೆನ್ನು ನೋವು. ಮಂದಿ ಕಣ್ಣಿಗೆ ಕಾಣಂಗಿಲ್ಲ, ಯಂತ್ರಕ್ಕಷ್ಟ ಕಾಣತೈತಿ. ಹಾವೂ ಸತ್ತಂಗಾತು, ನನ್ನ ಮಾನನೂ ಉಳೀತು."

"ಇವ್ಯಾರು?" ಶೆಟ್ಟರು ಪರದೆಯ ಮೇಲೆ ಬೆರಳಿಟ್ಟರು. ಸಾಲು ಸಾಲು ನಕ್ಷತ್ರಗಳ ಕೆಳಗೆ ಗಿರಾಕಿಗಳ ಅಭಿಪ್ರಾಯಗಳಿದ್ದವು. ಅವರು ಗಟ್ಟಿಯಾಗಿ ಓದಿದರು: "ಈ ಗಾದಿಯ ಮೇಲೆ ಮಲಗಿದ ಮೇಲೆ ನನ್ನ ಬೆನ್ನುಮೂಳೆಯ ನೋವು ಪೂರ್ತಿ ಮಾಯ. ಆಪರೇಷನ್ ಬೇಡವೆಂದುಬಿಟ್ಟೆ."

"ಗೊತ್ತಿಲ್ರಿ. ಗ್ಯಾರಂಟಿಯವನ ಕಡೇವ್ರು. ಅದೂ ಅವನ ಕೆಲಸದಾಗ ಬಂತು."

ಶೆಟ್ಟರು ಪೇಡೆಯ ಪೊಟ್ಟಣ ಬಿಚ್ಚಲಿಲ್ಲ.

"ನಾಳಿ ಒಂದು ಹೊಸ ಗಾದಿ ತಗೊಂಡು ಬಾ. ಇದ್ದದ್ದರಾಗ ಚಲೋದು."

ಮಠಕ್ಕೆ ಕೊಳ್ಳುತ್ತಾರೆಂದು ತಿಳಿದು ಅವಳು ಮರುದಿನ ಗಾಡಿಯ ಮೇಲೆ ಹೇರಿಕೊಂಡು ಬಂದಳು. ನೀಲಿ ಪಟ್ಟೆಯ ಗಲೀಫು, ಸಾಲು ತಪ್ಪದ ಹೊಲಿಗೆ.

ಶೆಟ್ಟರು ಗಾದಿಯನ್ನು ಕೈಯಿಂದ ಒತ್ತಿ ನೋಡಿದರು. ತಲೆಯಾಡಿಸಿದರು. ಆಮೇಲೆ ಬ್ಲೇಡು ತೆಗೆದು, ಒಂದು ಬದಿಯ ಹೊಲಿಗೆಯನ್ನು ಈ ತುದಿಯಿಂದ ಆ ತುದಿಗೆ ಸೀಳಿದರು.

"ಅಜ್ಜಾರ! ಏನು ಮಾಡ್ತೀರಿ!"

ಅವರು ಒಳಗಿನ ಬಿಳಿ ಹತ್ತಿಯನ್ನು ಬಾಚಿ ಬಾಚಿ ಹೊರಗೆ ಹಾಕಿದರು. ಮಠದ ಉಗ್ರಾಣದ ಮೂಲೆಯಿಂದ ಹರಿದ ಗೋಣಿಚೀಲ, ನೆಲ ಒರೆಸಿದ ಅರಿವೆ, ಇಲಿ ಕಡಿದ ಜಮಖಾನೆ ತಂದು ಒಳಗೆ ತುರುಕಿದರು. ಮೇಲೆ ತೆಳ್ಳಗೆ ಒಂದು ಪದರ ಒಳ್ಳೆಯ ಹತ್ತಿ ಹಾಸಿದರು.

"ಹೊಲಿ."

ಗುರು ಹೇಳಿದ ಮೇಲೆ ಏನೋ ಇರಬೇಕೆಂದು ಅವಳು ಹೊಲಿದಳು.

"ಈಗ ಅಪ್ಪಟ ಹತ್ತಿ ಅಂತ ಚೀಟಿ ಹಚ್ಚು. ಕೆಳಗ ನಿಮ್ಮಪ್ಪನ ಹೆಸರು ಬರಿ. ಒಯ್ದು ಮಾರು."

ದಾವಲಬಿ ಸೂಜಿ ಎಸೆದು ಎದ್ದಳು.

"ನಾಲಗಿ ಹೆಂಗ ಹೊರಳಿತ್ರಿ ನಿಮಗ? ನಮ್ಮಪ್ಪ ಗಾದಿ ಮನಿಗೆ ಹೊತ್ಕೊಂಡು ಬಂದವನಲ್ಲ! ಮಂದಿ ಅಂಗಳದಾಗ, ಮಂದಿ ಕಣ್ಣ ಮುಂದ ಬಿಚ್ಚತಿದ್ದ. ಒಳಗಿನ ಹತ್ತಿ ತೋರಿಸತಿದ್ದ. ಅವರ ಹತ್ತೀನ ಹಿಂಜಿ, ಅವರ ಮುಂದನ ತುಂಬಿ, ಅವರ ಮುಂದನ ಹೊಲೀತಿದ್ದ. ಒಂದು ಎಳಿ ಕದ್ದವನಲ್ಲ, ಒಂದು ಚಿಂದಿ ಸೇರಿಸಿದವನಲ್ಲ. ಅವನ ಹೆಸರು ಈ ಕಸಕ್ಕ ಹಚ್ಚಲ್ಯಾ?"

"ಯಾಕ? ಮ್ಯಾಲಿಂದ ಯಾರಿಗೆ ಕಾಣತೈತಿ?"

"ಮಲಗಿದವರಿಗೆ ಗೊತ್ತಾಗತೈತಿ!"

"ಹೌದು!" ಶೆಟ್ಟರೂ ಎದ್ದು ನಿಂತರು. ಮುದುಕರ ಕುತ್ತಿಗೆಯ ನರ ಉಬ್ಬಿತ್ತು. "ಈ ಸಿಟ್ಟು ನಿನ್ನಿ ಎಲ್ಲಿ ಸತ್ತಿತ್ತು? ಬೆನ್ನು ಮುರಕೊಂಡವ ಒಬ್ಬ ಆ ಸುಳ್ಳು ಓದಿ, ಡಾಕ್ಟರನ್ನ ಬಿಟ್ಟು, ನಿನ್ನ ಗಾದಿ ಮ್ಯಾಲ ಬಂದು ಬಿದ್ರ ಯಾರು ಎತ್ತತಾರ ಅವನನ್ನ? ಗ್ಯಾರಂಟಿಯವನೇನು? ಗಾದ್ಯಾಗ ಚಿಂದಿ ತುರುಕಾಕ ಕೈ ಬರಂಗಿಲ್ಲ. ಪುಟದಾಗ ತುರುಕಿ ನನಗ ಪೇಡೆ ತಂದಿ!"

ದಾವಲಬಿ ಬಗ್ಗಿ, ಚಿಂದಿ ತುಂಬಿದ ಗಾದಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.

ಅವಳು ಮನೆಗೆ ಹೋಗಿ ಆ ಬಿಳಿ ಅಕ್ಷರಗಳನ್ನು ಅಳಿಸುವಷ್ಟರಲ್ಲಿ ಹುಡುಕಾಟದ ಯಂತ್ರವೂ ಅವಳ ಪುಟವನ್ನು ಗಾದಿಯಂತೆ ಬಿಚ್ಚಿ ನೋಡಿತ್ತು. ಮೊದಲನೇ ಪುಟದಲ್ಲಿ ಅವಳಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಅಂಗಡಿಯ ಹೆಸರನ್ನೇ ಪೂರ್ತಿ ಬರೆದು ಹುಡುಕಿದರೂ ಸಿಗಲಿಲ್ಲ. ಗ್ಯಾರಂಟಿಯವನ ಫೋನು ಸ್ವಿಚ್ ಆಫ್ ಆಗಿತ್ತು. ಇಂಥವರ ಫೋನು ಕೆಲಸ ಹಿಡಿಯುವಾಗ ಮಾತ್ರ ಚಾಲೂ ಇರುತ್ತದೆ.

"ಅನ್ಯಾಯ ಆತ್ರಿ ಅಜ್ಜಾರ."

"ಯಾರಿಗೆ?"

ಅವಳು ಫೋನನ್ನು ಕೆಳಗಿಟ್ಟು ಕೇಳಿದಳು, "ಈಗೇನು ಮಾಡ್ಲಿ?"

"ನಿಮ್ಮಪ್ಪ ಮಾಡಿದ್ದು. ಮಂದಿ ಕಣ್ಣ ಮುಂದ ಬಿಚ್ಚು."

ಅವಳು ಹೊಸ ಪುಟವನ್ನು ತಾನೇ ಬರೆದಳು. ಬಿಲ್ಲಿನ ವಿಡಿಯೋ ಹೋಯಿತು, ಕೊಳಲು ಹೋಯಿತು, ಬಂಗಾರದ ಅಕ್ಷರ ಹೋಯಿತು. ಸುಳ್ಳು ಅಭಿಪ್ರಾಯಗಳನ್ನು ತೆಗೆಸಿದಳು. ತಪ್ಪು ತಿದ್ದಿದ್ದೇನೆ, ಇನ್ನೊಮ್ಮೆ ನೋಡಿ ಎಂದು ಹುಡುಕಾಟದ ಯಂತ್ರದವರಿಗೆ ಬರೆದುಕೊಂಡಳು. ಹೊಳೆಯಲ್ಲಿ ಹೆಂಗಸರು ಕೇಳಿದ ಒಂದೊಂದು ಪ್ರಶ್ನೆಗೂ ಒಂದೊಂದು ಪುಟ ಮಾಡಿ, ಅವರದೇ ಮಾತಿನಲ್ಲಿ ಪ್ರಶ್ನೆ, ತನ್ನ ಮಾತಿನಲ್ಲಿ ಉತ್ತರ ಬರೆದಳು. ತಂದು ತೋರಿಸಿದಳು.

ಸೊಂಟ ನೋವಿನ ಪುಟದಲ್ಲಿ ಹೀಗಿತ್ತು: ಡಾಕ್ಟರು ಗಟ್ಟಿ ಹಾಸಿಗೆ ಎಂದಿದ್ದರೆ ಹತ್ತಿಯ ಗಾದಿ ಆದೀತು, ಅವರನ್ನೇ ಕೇಳಿಕೊಂಡು ಬನ್ನಿ. ನೋವು ಹೋಗುತ್ತದೆಂದು ನಾವು ಹೇಳುವುದಿಲ್ಲ.

ಶೆಟ್ಟರು ಅದನ್ನು ಎರಡು ಸಲ ಓದಿದರು. ಬೈಯಲಿಲ್ಲ. ಅವರ ಮಟ್ಟಿಗೆ ಅದು ಬಹಳವಾಯಿತು.

ಆಮೇಲೆ ನಕ್ಷೆ ತೆರೆದರು. ತೆರೆದು ಹುಬ್ಬು ಗಂಟಿಕ್ಕಿದರು.

"ನಿನ್ನ ಅಂಗಡಿ ಎಲ್ಲೈತಿ?"

"ಹೊಳೆ ರಸ್ತಾದಾಗ ರೀ. ಇಲ್ಲಿಂದ ಕಾಣತೈತಲ್ರಿ."

"ನಕ್ಷೆದಾಗ ಹೊಳಿ ನಡುವ ಐತಿ. ಗಾದಿ ಬೇಕಾದವರು ಈಜು ಕಲ್ತು ಬರಬೇಕೇನು?"

ದಾವಲಬಿಗೆ ನಗು ಬಂತು, ನಾಚಿಕೆಯೂ ಬಂತು. ಗುರುತನ್ನು ನೀರಿನಿಂದ ಎತ್ತಿ ದಂಡೆಗೆ ತಂದಳು. ಅಂಗಡಿ ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಫೋನ್ ನಂಬರು ಹಾಕಿದಳು.

"ಇನ್ನ ಮೊದಲನೇ ಸಾಲು ಉಳೀತು," ಎಂದರು ಶೆಟ್ಟರು.

"ಹೌದ್ರಿ."

ಮೊದಲನೇ ಸಾಲು ಖಾಲಿ ಇತ್ತು. ಅವಳು ಫೋನ್ ಹಿಡಿದು ಕೂತಳು. ಬರೆದಳು, ಅಳಿಸಿದಳು. ಮತ್ತೆ ಬರೆದಳು. ಶೆಟ್ಟರು ಹೊಳೆ ನೋಡುತ್ತಿದ್ದರು, ಸಹಾಯಕ್ಕೆ ಬರಲಿಲ್ಲ.

ಕೊನೆಗೆ ಅವಳು ಬರೆದು, ಓದಿ ಹೇಳಿದಳು. ದನಿ ಸ್ವಲ್ಪ ಒರಟಾಗಿತ್ತು.

"ನಾವು ಪಿಂಜಾರರು. ಗಂಟಾದ ಗಾದಿಯನ್ನು ನಿಮ್ಮ ಕಣ್ಣೆದುರಿಗೇ ಬಿಚ್ಚಿ, ಹಿಂಜಿ, ತುಂಬಿಕೊಡುತ್ತೇವೆ."

"ಅಕ್ಷರ ಯಾವ ಬಣ್ಣದ್ದು?"

"ಕರೇದು ರೀ. ದಪ್ಪಂದು."

ದಿನ ಕಳೆದವು. ಅವಳ ಅಂಗಡಿ ಹುಡುಕಿದವರಿಗೆ ಮತ್ತೆ ಸಿಗತೊಡಗಿತು, ಆದರೆ ಬಹಳ ಕೆಳಗೆ. ದಾವಲಬಿ ಮತ್ತೆ ಕಿಡಿಕಿಡಿಯಾಗಿ ಬಂದಳು.

"ಖರೇ ಬರದ್ರೂ ಕೊಟ್ರೇಶ ಮ್ಯಾಲ ಕುಂತಾನಲ್ರಿ!"

"ಅವನ ಹೆಸರಿನ ಬಾಜೂಕ ಸಣ್ಣ ಅಕ್ಷರದಾಗ ಏನು ಬರದೈತಿ?"

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಜಾಹೀರಾತು ಅಂತ."

"ಅವನು ಬಾಡಿಗಿ ಜಾಗಾದಾಗ ನಿಂತಾನ. ಅದು ತಪ್ಪಲ್ಲ. ಬಾಡಿಗಿ ನಿಂತ ದಿನ ಇಳೀತಾನ. ನೀನು ನಿಲ್ಲಬೇಕಾದ್ದು ಅದರ ಕೆಳಗ, ಬಾಡಿಗಿ ಇಲ್ಲದ ಜಾಗಾದಾಗ."

"ಅಲ್ಲಿ ಯಾವಾಗ ಬರತೀನಿ?"

"ಹತ್ತಿ ಬೀಜಾ ಊರಿ, ಮರುದಿನ ಹೊಲಕ್ಕ ಹೋಗಿ ಅರಳಿ ಎಲ್ಲಿ ಅಂತ ಕೇಳತೀಯೇನು? ನಿನ್ನ ಬಗ್ಗೆ ನೀನ ಹೇಳಿದ್ದು ಸಾಕು. ನಿನ್ನ ಕೆಲಸ ನೋಡಿದ ಬ್ಯಾರೆ ಯಾರು ಹೇಳ್ತಾರ, ಅದನ್ನ ನೋಡು."

ಅವಳು ಹೋಗಿ ಕೇಳಿದಳು. ಅವಳಿಗೆ ಹತ್ತಿ ಕೊಡುವ ರೈತರ ಸಂಘದವರು ತಮ್ಮ ಪುಟದಲ್ಲಿ ಅವಳ ಅಂಗಡಿಯ ವಿಳಾಸ ಹಾಕಿದರು. ಗಾದಿ ಹಿಂಜಿಸಿಕೊಂಡಿದ್ದ ಕಲ್ಯಾಣ ಮಂಟಪದವರೂ ಹಾಕಿದರು.

ಗಿರಾಕಿಗಳು ಒಬ್ಬೊಬ್ಬರಾಗಿ ಬರತೊಡಗಿದರು. ಒಂದು ದಿನ ಕಟ್ಟೆಯ ಮೇಲೆ ಕೂತಾಗಲೇ ಅವಳ ಫೋನು ರಿಂಗಾಯಿತು. ಆ ಕಡೆಯಿಂದ ಹೆಂಗಸಿನ ದನಿ: "ಹಿಂಜೋರು ಅಲ್ಲೇನ್ರಿ?"

ದಾವಲಬಿ ಉಸಿರು ತೆಗೆದುಕೊಂಡಳು. "ಹೌದ್ರಿ. ಪಿಂಜಾರರು."

ಆಕಾಶ ಕೆಳಗೆ ಬೀಳಲಿಲ್ಲ. ಆ ಹೆಂಗಸು ಗಾದಿಯ ಅಳತೆ ಹೇಳಿದಳು.

ಒಬ್ಬ ಗಿರಾಕಿ ಮಾತ್ರ ಪುಟದಲ್ಲಿ ಬರೆದ: ಕೆಲಸ ಒಳ್ಳೆಯದು, ಹೇಳಿದ ಹೊತ್ತಿಗೆ ಕೊಡಲಿಲ್ಲ. ದಾವಲಬಿ ಅದನ್ನು ತೆಗೆಸಬೇಕೆಂದು ಹಟ ಹಿಡಿದಳು.

"ಹೇಳಿದ ಹೊತ್ತಿಗೆ ಕೊಟ್ಟಿದ್ಯೇನು?" ಎಂದರು ಶೆಟ್ಟರು.

"ಕರೆಂಟ್ ಹೋಗಿತ್ರಿ. ಹಿಂಜೂ ಯಂತ್ರ ನಿಂತಿತ್ತು. ನಾನೇನು ಮಾಡ್ಲಿ?"

"ತಪ್ಪಾತು ಅಂತ ಅವನ ಮಾತಿನ ಕೆಳಗ ಬರಿ. ಕರೆಂಟಿನ ಕತಿ ಬರಿಯಬ್ಯಾಡ. ಅವನು ಕರೆಂಟಿಗೆ ಗಾದಿ ಕೊಟ್ಟಿರಲಿಲ್ಲ, ನಿನಗ ಕೊಟ್ಟಿದ್ದ."

ಮದುವೆ ಸುಗ್ಗಿ ಜೋರಾಯಿತು. ಹಿಂಜುವವರು ಎಂದು ಹುಡುಕಿದರೆ ಈಗ ಅವಳು ಸಿಗುತ್ತಿದ್ದಳು. ಶೆಡ್ಡಿನ ಮಾಲಕ ಬಂದು ಇಣುಕಿ ನೋಡಿ ಹೋಗಿದ್ದ. ಇನ್ನಷ್ಟು ಗಿರಾಕಿ ಕಂಡರೆ ಶೆಡ್ಡು ನಿನಗೇ ಎಂದಿದ್ದ.

ಆಗ ಒಂದು ಮುಂಜಾನೆ ಅವಳು ಅಳುತ್ತ ಬಂದಳು. ದುಃಖದ ಅಳುವಲ್ಲ.

"ನೋಡ್ರಿ ಇಲ್ಲಿ! ನೋಡ್ರಿ!"

ಕೊಟ್ರೇಶನ ಪುಟ. ಮೊದಲನೇ ಸಾಲು: ನಾವು ಪಿಂಜಾರರು. ಗಂಟಾದ ಗಾದಿಯನ್ನು ನಿಮ್ಮ ಕಣ್ಣೆದುರಿಗೇ ಬಿಚ್ಚಿ, ಹಿಂಜಿ, ತುಂಬಿಕೊಡುತ್ತೇವೆ. ಕೆಳಗೆ ಅವಳ ಉತ್ತರಗಳೆಲ್ಲ, ಅಕ್ಷರ ಬಿಡದೆ. ಮೇಲೆ ಜಾಹೀರಾತು ಎಂಬ ಸಣ್ಣ ಪದ.

"ಬೆಂಚ ಬಾರಿಸಿದವ ರೀ! ಪಿಂಜಾರ್ತಿ ಅಂತ ಕುಣದವ! ಆ ಮಾತು ಬರಿಯಾಕ ನನ್ನ ಕರುಳು ಕಿತ್ತು ಬಂದೈತಿ. ಅವನು ಎತ್ಕೊಂಡು ಹಚಗೊಂಡಾನ, ಅದೂ ರೊಕ್ಕ ಕೊಟ್ಟು ನನ್ನ ಮ್ಯಾಲ!"

ಶೆಟ್ಟರ ಮುಖವೂ ಕೆಂಪಾಯಿತು. "ಕಳ್ಳ. ದೂರು ಕೊಟ್ಟಿಯೇನು?"

"ಹುಡುಕೂ ಯಂತ್ರದವರಿಗೆ ಕೊಟ್ಟೀನ್ರಿ. ನೋಡತೀವಿ ಅಂದಾರ. ಅವರು ನೋಡೂದ್ರಾಗ ಸುಗ್ಗಿ ಮುಗೀತೈತಿ. ನನ್ನ ಗಿರಾಕಿ ಇವತ್ತ, ಈಗ, ಅವನ ಅಂಗಡಿಗೆ ಹೊಂಟಾರ!"

ಶೆಟ್ಟರು ತಾವು ಕೂತಿದ್ದ ಗಾದಿಯಿಂದ ಎದ್ದರು. ಅದನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು ಅವಳ ಮುಂದಿಟ್ಟರು.

"ಇದು ಗಂಟಾಗೈತಿ. ಕೊಟ್ರೇಶನ ಅಂಗಡಿಗೆ ಒಯ್ದು, ಹಿಂಜಿಕೊಡು ಅನ್ನು."

"ಅವನ ಅಂಗಡಿಗೆ? ನಾನು?"

"ಬರದಾನಲ್ಲ. ಹೋಗು."

ಅವಳು ಹೊತ್ತುಕೊಂಡು ಹೋದಳು.

ಕೊಟ್ರೇಶನ ಅಂಗಡಿಯ ಮುಂದೆ ಆಗಲೇ ಮಂದಿ ಕೂಡಿದ್ದರು. ಸ್ಕೂಟರ್ ಮೇಲೆ ಗಾದಿ, ಆಟೋದಲ್ಲಿ ಗಾದಿ, ತಲೆಯ ಮೇಲೆ ಗಾದಿ. ಕೊಟ್ರೇಶ ಒಳಗಿಂದ ಕೈಮುಗಿಯುತ್ತಿದ್ದ.

"ಹಳೇದು ಎಸೀರಿ, ಹೊಸಾ ಫೋಮ್ ತಗೋರಿ. ನಿಮಗಂತ ರೇಟಿನ್ಯಾಗ ಬಿಡತೀನಿ."

ಒಬ್ಬ ಮುದುಕಿ ತನ್ನ ಗಾದಿಯನ್ನು ಅವನ ಹೊಸ್ತಿಲ ಮೇಲೆ ಒಗೆದಳು. "ಮೊಮ್ಮಗಳು ಫೋನಿನ್ಯಾಗ ಓದಿ ಹೇಳ್ಯಾಳ. ಕಣ್ಣೆದುರಿಗೆ ಹಿಂಜತೀವಿ ಅಂತ ಬರದೀಯಲ್ಲೋ, ಹಿಂಜು!"

ಕೊಟ್ರೇಶ ಸಿಡಿದ. "ಹಿಂಜಾಕ ನಾನೇನು ಪಿಂಜಾರನೇನು?"

ಗಾದಿ ಇಳಿಸುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಅಲ್ಲಂದ್ರ ಯಾಕ ಬರಕೊಂಡ್ಯೋ ಭಾಡ್ಯಾ?" ಎಂದಳು ಮುದುಕಿ.

ದಾವಲಬಿ ಹೊತ್ತಿದ್ದ ಸುರುಳಿಯನ್ನು ಕೆಳಗಿಡಲೇ ಇಲ್ಲ. ಅಲ್ಲಿಂದಲೇ ಕೂಗಿದಳು, ಸಾಲೆಯಲ್ಲಿ ಬೆಂಚು ಬಾರಿಸಿದವನಿಗೆ ಕೇಳುವಂತೆ.

"ನಾನು ಪಿಂಜಾರ್ತಿ! ಆ ಮಾತು ನಂದು. ಬರ್ರಿ ನನ್ನ ಹಿಂದ."

ಬಂದರು. ಸ್ಕೂಟರು, ಆಟೋ, ಮುದುಕಿ, ಎಲ್ಲ.

ಶೆಟ್ಟರಿಗೆ ಇದೆಲ್ಲ ಗೊತ್ತಾದದ್ದು ಅವಳು ಮಠದ ಮೆಟ್ಟಿಲನ್ನು ಓಡುತ್ತ ಹತ್ತಿ ಬಂದಾಗ. ಮಾತಿಗಿಂತ ಏದುಸಿರೇ ಹೆಚ್ಚಿತ್ತು.

"ಅಂಗಳ ತುಂಬ ಮಂದಿ ಅದಾರ ಅಜ್ಜಾರ. ನಿಮ್ಮ ಗಾದೀನೂ ಅಲ್ಲೇ ಐತಿ. ಬಿಚ್ಚಾಕ ಕುಂತೆ, ಕರೆಂಟ್ ಹೋತು. ಲೈನ್ ಕಡದೈತಂತ, ಸಂಜಿ ತನಕ ಬರಂಗಿಲ್ಲಂತ. ಯಂತ್ರ ಸತ್ತು ಬಿದ್ದೈತಿ."

"ಹುಂ."

"ನೀನೂ ಬರಿಯೂದಷ್ಟೇನು ಅಂತ ಆ ಮುದುಕಿ ಕೇಳಾಕ ಹತ್ಯಾಳ. ಕಣ್ಣೆದುರಿಗೆ ಅಂದ್ಯಲ್ಲ, ಎಲ್ಲಿ ಅಂತ. ಶೆಡ್ಡಿನ ಮಾಲಕ ಬಾಗಲದಾಗ ನಿಂತು ನೋಡಾಕ ಹತ್ಯಾನ. ಒಬ್ಬಿಬ್ಬರು ಗಾದಿ ಎತ್ತಿ ಮತ್ತ ತಲಿ ಮ್ಯಾಲ ಇಟಗೊಂಡಾರ. ಕೊಟ್ರೇಶಗೂ ನನಗೂ ಏನು ಫರಕು ಉಳೀತು? ಏನು ಹೇಳ್ಲಿ ಅವರಿಗೆ? ಏನು ಹೇಳ್ಲಿ?"

ಗಾದಿ ಹೋಗಿದ್ದರಿಂದ ಶೆಟ್ಟರು ಬರೀ ಕಲ್ಲಿನ ಮೇಲೆ ಕೂತಿದ್ದರು.

"ಏನೂ ಹೇಳಬ್ಯಾಡ. ಬಿಲ್ಲಿನ ಗಾಜು ಒಡಿ."